ಮೂತಿ ಮನೆಯ ಕಡೆಗೆ

ಜನವರಿ 9

ಕತ್ತರಿಗೆ,

ಅಣ್ಣನ ಆಶೀರ್ವಾದ. ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ನಿನ್ನ ಮಾತು ನನಗೆ ಡಬ್ಬದೊಳಗೆ ಜೀರುಂಡೆ ಕೂಗಿದ ಹಾಗೆ ಕೇಳಿಸುತ್ತದೆ. ಇಷ್ಟು ವರ್ಷ ಇಂಜಿನ್ ಪಕ್ಕದಲ್ಲೇ ಕೂತು ಟೂರಿಸ್ಟ್ ಬಸ್ಸು ಓಡಿಸಿದ್ದಕ್ಕೆ ಸಿಕ್ಕ ಬಹುಮಾನ ಅದು. ನೀನು ಒಂದು ಕೇಳುತ್ತೀಯ, ನಾನು ಇನ್ನೊಂದು ಹೇಳುತ್ತೇನೆ, ನಿನ್ನ ಅತ್ತಿಗೆ ಪಕ್ಕದಲ್ಲಿ ನಿಂತು ನಗುತ್ತಾಳೆ. ಅದಕ್ಕೇ ಕಾಗದ.

ನನ್ನ ಕಥೆ ನಿನಗೆ ಗೊತ್ತಿದ್ದದ್ದೇ. ಕಿಡ್ನಿ ಎರಡೂ ಕೈಕೊಟ್ಟು ವರ್ಷವಾಯಿತು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕುರ್ಚಿ. ತೋಳಿಗೆ ಎರಡು ಸೂಜಿ, ಪಕ್ಕದಲ್ಲಿ ಯಂತ್ರ. ರಕ್ತ ಹೊರಗೆ ಹೋಗಿ ಸ್ನಾನ ಮಾಡಿಕೊಂಡು ಒಳಗೆ ಬರುತ್ತದೆ. ಕುಡಿಯುವ ನೀರಿಗೂ ಅಳತೆ. ಬೆಳಿಗ್ಗೆ ನಿನ್ನ ಅತ್ತಿಗೆ ಒಂದು ಸಣ್ಣ ಬಾಟಲಿ ತುಂಬಿಸಿಡುತ್ತಾಳೆ, ರಾತ್ರಿವರೆಗೂ ಅಷ್ಟರಲ್ಲೇ ಗಂಟಲು ಒದ್ದೆ ಮಾಡಿಕೊಳ್ಳಬೇಕು. ಪಕ್ಕದ ಮನೆಯಲ್ಲಿ ನಲ್ಲಿ ಬಿಟ್ಟ ಶಬ್ದ ಮಾತ್ರ ಈ ಹಾಳು ಕಿವಿಗೆ ಚೆನ್ನಾಗಿ ಕೇಳಿಸುತ್ತದೆ ನೋಡು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಸಣ್ಣ ಪ್ರವಾಸ ಹೋಗೋಣ, ನೀನು ಮತ್ತು ನಾನು. ಮೂರು ಗುಡಿ, ಮೂರು ಕಡಲ ಊರು.

"ಜೀವಮಾನವೆಲ್ಲ ಅದನ್ನೇ ತಾನೇ ಮಾಡಿದ್ದು" ಅಂತ ನೀನು ಅನ್ನುತ್ತೀಯ. ನಿಜ, ಜನರನ್ನು ಗುಡಿಗೆ, ಸಮುದ್ರಕ್ಕೆ ಹೊತ್ತುಕೊಂಡು ಹೋಗುವುದೇ ನನ್ನ ಕೆಲಸವಾಗಿತ್ತು. ಆದರೆ ಒಂದು ದಿನವೂ ನಾನು ಒಳಗೆ ಹೋದವನಲ್ಲ. ಬಸ್ಸು ನಿಂತದ್ದೇ ಎಲ್ಲರೂ ಚಪ್ಪಲಿ ಸೀಟಿನ ಕೆಳಗೆ ತಳ್ಳಿ ಇಳಿಯುತ್ತಿದ್ದರು. "ಡ್ರೈವರೇ, ಸ್ವಲ್ಪ ನೋಡ್ಕೊಳ್ಳಿ." ಚಪ್ಪಲಿ ನೋಡಿಕೊಂಡೆ, ಚೀಲ ನೋಡಿಕೊಂಡೆ, ಒಮ್ಮೆ ಒಬ್ಬ ಯಜಮಾನರ ಹಲ್ಲಿನ ಸೆಟ್ಟನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ನೋಡಿಕೊಂಡೆ. ಅವರು ದೇವರನ್ನು ನೋಡಿಕೊಂಡು ಬಂದರು. ಸಮುದ್ರದ ಕಥೆಯೂ ಅಷ್ಟೇ. ಟೈರು ಮರಳಲ್ಲಿ ಹೂತುಹೋಗುತ್ತದೆ ಅಂತ ಬಸ್ಸನ್ನು ದೂರದಲ್ಲೇ ನಿಲ್ಲಿಸುತ್ತಿದ್ದೆ. ಒದ್ದೆ ಕಾಲಿನಲ್ಲಿ ಜನ ಹತ್ತಿದಾಗ ಬಸ್ಸಿನೊಳಗೆ ಬೀಳುತ್ತಿತ್ತಲ್ಲ ಮರಳು, ನನ್ನ ಪಾಲಿನ ಸಮುದ್ರ ಅಷ್ಟೇ.

ಯಾವ ಊರಲ್ಲಿ ಎಲ್ಲಿ ಬಸ್ಸು ತಿರುಗಿಸಬಹುದು ಅನ್ನುವುದನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ನನ್ನ ಪದ್ಧತಿ ನಿನಗೆ ಗೊತ್ತಲ್ಲ: ಎಲ್ಲಿ ನಿಲ್ಲಿಸಿದರೂ ಬಸ್ಸಿನ ಮೂತಿ ಮನೆಯ ಕಡೆಗೆ. ಮೊದಲು ತಿರುಗಿಸುವುದು, ಆಮೇಲೆ ಬಾಗಿಲು ತೆಗೆಯುವುದು. ಹೊರಡುವಾಗ ಗಡಿಬಿಡಿ ಇರಬಾರದು.

ಈ ಸಲ ಪ್ರಯಾಣಿಕನಾಗಿ ಹೋಗಬೇಕು. ಕಿಟಕಿ ಪಕ್ಕ ಕೂರಬೇಕು. ನನ್ನ ಚಪ್ಪಲಿಯನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ. ಮಾರ್ಚ್ ಕೊನೆಗೆ ಆಗಬಹುದು. ನಿನ್ನ ಅತ್ತಿಗೆ ಬರುವುದಿಲ್ಲ. ಅವಳಿಗೂ ಆಸ್ಪತ್ರೆಯ ಬೆಂಚಿನಿಂದ ನಾಲ್ಕು ದಿನ ರಜೆ ಸಿಗಲಿ. ಏನಂತೀಯ?

ನಿನ್ನ ಅಣ್ಣ


ಜನವರಿ 21

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಕಾರ್ಖಾನೆಯ ವಿಳಾಸಕ್ಕೇ ಬಂತು. ಮೇಸ್ತ್ರಿ ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು "ನಿಮಗೆ ಪ್ರೇಮಪತ್ರ" ಅಂದ. ಈ ವಯಸ್ಸಿನಲ್ಲಿ ನನ್ನ ಮಾನ ಕಳೆದೆ.

ನಮ್ಮಲ್ಲಿ ಈಗ ಉಸಿರು ಬಿಡಲು ಪುರುಸೊತ್ತಿಲ್ಲ. ಹೊಸ ಹೊಸ ಆಸ್ಪತ್ರೆಗಳು, ಎಲ್ಲದಕ್ಕೂ ಹಾಸಿಗೆ ಸುತ್ತ ಎಳೆಯುವ ಪರದೆ. ಬೆಳಗಿನಿಂದ ಸಂಜೆವರೆಗೆ ಅದೇ ನೀಲಿ ಬಟ್ಟೆ. ನಾನು ಕತ್ತರಿಸುತ್ತೇನೆ, ಉಳಿದವರು ಹೊಲಿಯುತ್ತಾರೆ. ನೀನು ಕೂರುವ ಕೋಣೆಯ ಪರದೆಗೂ ಕತ್ತರಿ ಹಾಕಿದ್ದು ನಾನೇ. ಬೇಜಾರಾದಾಗ ಅದರ ಅಂಚು ಮಡಿಚಿ ನೋಡು, ಹೊಲಿಗೆ ನೆಟ್ಟಗಿದೆ.

ಪ್ರವಾಸ ಅಂದರೆ ಯಾರಿಗೆ ಬೇಡ? ಆದರೆ ನೀನು ಪ್ರಯಾಣಿಕನಾಗಿ ಕೂರುತ್ತೀಯ ಅನ್ನುವುದನ್ನು ನಾನು ನಂಬುವುದಿಲ್ಲ. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತೀಯ. ಹಿಂದಿನ ಸಲ ಆಟೋದಲ್ಲಿ ಬಂದಾಗ ಆ ಆಟೋದವನಿಗೆ ಗೇರು ಹಾಕುವುದನ್ನು ಕಲಿಸಲು ಹೋಗಿ ಬೈಸಿಕೊಂಡದ್ದು ಮರೆತೆಯಾ?

ಎರಡು ಮಾತು ಕೇಳಬೇಕು. ಕುರ್ಚಿಯ ಗತಿ ಏನು? ನಾಲ್ಕು ದಿನ ಅಂದರೆ ಮಧ್ಯೆ ಒಂದು ಸರದಿ ತಪ್ಪುತ್ತದೆ. ಡಾಕ್ಟರು ಒಪ್ಪಿದ್ದಾರಾ? ಇನ್ನೊಂದು, ಅತ್ತಿಗೆ ಯಾಕೆ ಬರುವುದಿಲ್ಲ? ಸಂಸಾರ ಮಾಡಿದ್ದು ಅವರ ಜೊತೆ, ಸಮುದ್ರಕ್ಕೆ ಮಾತ್ರ ನನ್ನ ಜೊತೆಯಾ? ಜಗಳವಾಡಿದ್ದರೆ ಹೇಳು, ನಾನು ಅವರ ಪಕ್ಷ.

ಕತ್ತರಿ


ಫೆಬ್ರವರಿ 3

ಕತ್ತರಿಗೆ,

ಜಗಳವೂ ಇಲ್ಲ, ಮಣ್ಣೂ ಇಲ್ಲ. ಅವಳ ಮಂಡಿ ನೋವು ಜಾಸ್ತಿಯಾಗಿದೆ, ಮೆಟ್ಟಿಲು ಹತ್ತುವ ಹಾಗಿಲ್ಲ.

ಪ್ಲಾನು ಕೇಳು. ಶನಿವಾರ ಕುರ್ಚಿ ಮುಗಿಸುತ್ತೇನೆ. ನೀನು ಅಂದೇ ಬಂದುಬಿಡು. ಭಾನುವಾರ ಬೆಳಗಿನ ಬಸ್ಸು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಬೆನ್ನು ಪುಡಿಯಾಗುತ್ತದೆ. ಮೊದಲು ಬೆಟ್ಟದ ಗುಡಿ. ಮುಂದೆ ಮೆಟ್ಟಿಲಿದೆ, ಅದು ಭಕ್ತರಿಗೆ. ಹಿಂದೆ ಅಡುಗೆ ಸಾಮಾನು ಸಾಗಿಸುವ ಇಳಿಜಾರು ದಾರಿಯಿದೆ, ಅದು ನಮ್ಮಂಥವರಿಗೆ. ಬಾಗಿಲ ಹತ್ತಿರ ಹೂವಿನವಳು ಕೂರುತ್ತಾಳೆ, ಅವಳನ್ನು ಕೇಳಿಕೊಂಡರೆ ಬಿಡುತ್ತಾರೆ. ನೋಡು, ಒಳಗೆ ಹೋಗದೆಯೂ ಎಷ್ಟು ತಿಳಿದುಕೊಂಡಿದ್ದೇನೆ.

ಮುಖ್ಯವಾದ ಒಂದು ವಿಷಯ. ಮಧ್ಯಾಹ್ನ ದೇವರಿಗೆ ನಿದ್ದೆ, ಗುಡಿ ಬಾಗಿಲು ಹಾಕುತ್ತಾರೆ. ಗೊತ್ತಿಲ್ಲದವರು ಬಿಸಿಲಿನಲ್ಲಿ ಮುಚ್ಚಿದ ಬಾಗಿಲ ಮುಂದೆ ಕೂತು ದೇವರಿಗೂ ಬೈದು ಡ್ರೈವರಿಗೂ ಬೈಯುತ್ತಾರೆ. ಆದ್ದರಿಂದ ಬೆಳಿಗ್ಗೆ ಗುಡಿ, ಮಧ್ಯಾಹ್ನ ಬಸ್ಸು, ಸಂಜೆ ಸಮುದ್ರ. ಭಾನುವಾರ ಸಂಜೆ ಮೀನು ಮಾರ್ಕೆಟ್ಟಿನ ಊರು. ವಾಸನೆ ಸಹಿಸಿಕೊಂಡರೆ ದಡ ದೊಡ್ಡದು. ಸೋಮವಾರ ಮರಳುದಿಬ್ಬದ ಮೇಲಿನ ಅಮ್ಮನ ಗುಡಿ. ಅಲ್ಲಿಂದ ದೀಪಸ್ತಂಭದ ಊರು, ಮಂಗಳವಾರವೂ ಅಲ್ಲೇ ಸುಧಾರಿಸಿಕೊಳ್ಳುವುದು. ಬುಧವಾರ ಕೊನೆಯದು, ಶಿವನ ಗುಡಿ. ಅದು ಊರಿನ ತುದಿಯಲ್ಲಿದೆ. ಅಲೆ ಬಂದು ಮೆಟ್ಟಿಲಿಗೇ ಬಡಿಯುತ್ತದಂತೆ. ಬಸ್ಸಿನಿಂದ ಕಳಸ ಮಾತ್ರ ಕಾಣುತ್ತಿತ್ತು. ಗುಡಿಯ ಪಕ್ಕದ ಬೀದಿಯಲ್ಲಿ ಒಂದು ವಸತಿಗೃಹವಿದೆ, ಮೇಲಿನ ಕೋಣೆಯಿಂದ ನೀರು ಕಾಣುತ್ತದೆ. ಅಲ್ಲಿ ಉಳಿಯೋಣ.

ಕುರ್ಚಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಆ ಕೊನೆಯ ಊರಿನಲ್ಲೇ ಆಸ್ಪತ್ರೆ ಇದೆ, ಯಂತ್ರವೂ ಇದೆ, ಮಾತಾಡಿದ್ದೇನೆ. ಮಂಗಳವಾರದ್ದನ್ನು ಬುಧವಾರ ಅಲ್ಲಿ ಮುಗಿಸಿದರಾಯಿತು.

ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಬಾ.

ನಿನ್ನ ಅಣ್ಣ


ಫೆಬ್ರವರಿ 12

ಅಣ್ಣ,

ನೀನು ಎಲ್ಲ ಊರಿನ ಬಸ್ ನಿಲ್ದಾಣ ಬಲ್ಲವನು. ನಾನು ಎಲ್ಲ ಊರಿನ ಆಸ್ಪತ್ರೆ ಬಲ್ಲವಳು ಅನ್ನುವುದು ನಿನಗೆ ಹೊಳೆಯಲಿಲ್ಲ ಅಲ್ಲವಾ?

ಆ ಕೊನೆಯ ಊರಿನ ಆಸ್ಪತ್ರೆಗೆ ಹೋದ ವರ್ಷ ಪರದೆ ಕೊಟ್ಟದ್ದು ನಾವು. ಹೆರಿಗೆ ಕೋಣೆಗೆ, ಗಂಡಸರ ವಾರ್ಡಿಗೆ, ಹೆಂಗಸರ ವಾರ್ಡಿಗೆ, ಇಂಜೆಕ್ಷನ್ ಕೊಡುವ ಮೂಲೆಗೆ. ಡಯಾಲಿಸಿಸ್ ಕೋಣೆಯ ಪರದೆಯ ಅಳತೆಯೇ ಬೇರೆ. ಯಂತ್ರದ ಕೊಳವೆಗೆ ಸಿಕ್ಕಬಾರದು ಅಂತ ಗಿಡ್ಡ ಮಾಡಿ ಹೊಲಿಯುತ್ತೇವೆ. ಅಲ್ಲಿಗೆ ಒಂದೂ ಗಿಡ್ಡ ಪರದೆ ಹೋಗಿಲ್ಲ. ನನ್ನದೇ ನೆನಪು ತಪ್ಪಿರಬಹುದು ಅಂತ ಅಳತೆಗೆ ಹೋಗಿದ್ದವನನ್ನು ಕೇಳಿದೆ. "ಅಲ್ಲೆಲ್ಲಿ ಅಕ್ಕ ಮಿಷನ್ನು, ಎಕ್ಸ್‌ರೇ ತೆಗೆಯೋಕೂ ದೊಡ್ಡ ಊರಿಗೇ ಕಳಿಸ್ತಾರೆ" ಅಂದ.

ಹಾಗಾದರೆ ಯಾರ ಹತ್ತಿರ ಮಾತಾಡಿದೆ ನೀನು?

ನಿನ್ನ ಪ್ಲಾನನ್ನು ಮತ್ತೆ ಮತ್ತೆ ಓದಿದೆ. ಯಾವ ಸೀಟಿನಲ್ಲಿ ಕೂರಬೇಕು, ಯಾರನ್ನು ಕೇಳಿಕೊಳ್ಳಬೇಕು, ಎಲ್ಲ ಬರೆದಿದ್ದೀಯ. ಬುಧವಾರಕ್ಕೆ ಬಂದು ನಿಂತುಬಿಟ್ಟಿದ್ದೀಯ. ಮೂತಿ ಮನೆಯ ಕಡೆಗೆ ತಿರುಗಿಸದೆ ಬಾಗಿಲನ್ನೇ ತೆಗೆಯದ ಮನುಷ್ಯ ನೀನು. ಹೋಗುವ ದಾರಿ ಒಂದು ಪುಟ ತುಂಬ ಇದೆ, ಬರುವ ದಾರಿ ಒಂದು ಸಾಲೂ ಇಲ್ಲ.

ವಾಪಸ್ ಹೇಗೆ ಬರುವುದು ಬರಿ. ಅದು ಬಂದ ಮೇಲೆ ರಜೆ ಕೇಳುತ್ತೇನೆ.

ಕತ್ತರಿ


ಫೆಬ್ರವರಿ 22

ಕತ್ತರಿಗೆ,

ವಾಪಸ್ ದಾರಿ ಕೇಳಿದ್ದೀಯ. ಬರೆಯುತ್ತೇನೆ.

ಗುಡಿಯ ಬೀದಿಯ ತುದಿಯಲ್ಲಿ ಬೆಳಿಗ್ಗೆ ಬಸ್ಸು ನಿಂತಿರುತ್ತದೆ. ಎಡಗಡೆ ಕಿಟಕಿ ಸೀಟು ಹಿಡಿ. ಅದು ದಂಡೆಯ ಮೇಲೇ ಹೋಗುವ ದಾರಿ, ದೀಪಸ್ತಂಭದ ಊರು ದಾಟುವವರೆಗೂ ಸಮುದ್ರ ನಿನ್ನ ಪಕ್ಕದಲ್ಲೇ ಇರುತ್ತದೆ. ಆಮೇಲೆ ದೊಡ್ಡ ಊರು. ಅಲ್ಲಿ ಹೊರಗಿನ ನಿಲ್ದಾಣದಲ್ಲಿ ಇಳಿಯಬೇಡ, ಒಳಗಿನ ನಿಲ್ದಾಣಕ್ಕೆ ಹೋಗು, ಹೆಂಗಸರ ಕೋಣೆ ಚೊಕ್ಕಟವಾಗಿದೆ. ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಮೊದಲೇ ಮಾಡಿಸಿಡುತ್ತೇನೆ. ಒಂದೇ ಸೀಟು ಅಂದರೆ ಕಿಟಕಿ ಪಕ್ಕದ್ದೇ ಸಿಗುತ್ತದೆ.

ಓದಿದೆಯಲ್ಲ. ಇನ್ನು ಬೈದುಬಿಡು, ನಾನು ಕಾಯುತ್ತೇನೆ.

ಬೈದಾಯಿತಾ? ಈಗ ಕೇಳು. ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು. ನಿನ್ನ ಪರದೆಗಳು ನನ್ನನ್ನು ಹಿಡಿದುಕೊಡುತ್ತವೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಬೇರೆ ಕಿಡ್ನಿ ಹಾಕಿಸಲು ನನ್ನ ಹೃದಯ ತಡೆಯುವುದಿಲ್ಲ ಅಂತ ಡಾಕ್ಟರು ಎಂದೋ ಹೇಳಿಯಾಗಿದೆ. ಅಂದರೆ ಇನ್ನು ಇರುವುದು ಕುರ್ಚಿಯೊಂದೇ. ಯಂತ್ರ ನನ್ನನ್ನು ಓಡಿಸುತ್ತಿಲ್ಲ ತಂಗಿ, ಶೆಡ್ಡಿನಲ್ಲಿ ನಿಲ್ಲಿಸಿದೆ ಅಷ್ಟೇ. ಕುರ್ಚಿಯಿಂದ ಎದ್ದ ದಿನ ಸುಸ್ತು, ಮರುದಿನ ಬಾಯಾರಿಕೆ, ಅದರ ಮರುದಿನ ಮತ್ತೆ ಕುರ್ಚಿ. ನಿನ್ನ ಅತ್ತಿಗೆ ಆ ಬೆಂಚಿನ ಮೇಲೆ ಕೂತು ಕೂತು ಮುದುಕಿಯಾದಳು. ನಾನು ಕುಡಿಯುವ ಹಾಗಿಲ್ಲ ಅಂತ ಅವಳೂ ನನ್ನ ಮುಂದೆ ನೀರು ಕುಡಿಯುವುದಿಲ್ಲ. ಅಡುಗೆಮನೆಗೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಾಳೆ, ಕದ್ದು ತಿಂದವಳ ಹಾಗೆ. ಅದನ್ನು ನೋಡಲಾರೆ.

ನಾನು ವೀರನಲ್ಲ. ಯಂತ್ರ ಹತ್ತಿರವಿದ್ದರೆ ಮನಸ್ಸು ಆ ಕಡೆ ಓಡುತ್ತದೆ. ಅದು ಇಲ್ಲದ ಊರನ್ನೇ ಹುಡುಕಿ ಆರಿಸಿದ್ದು ಅದಕ್ಕೆ. ದೇವರನ್ನು ನೋಡುತ್ತೇನೆ, ಸಮುದ್ರಕ್ಕೆ ಕಾಲು ಇಡುತ್ತೇನೆ, ಹೊಟ್ಟೆ ತುಂಬ ನೀರು ಕುಡಿಯುತ್ತೇನೆ. ಆಮೇಲೆ ಆದದ್ದಾಗಲಿ. ನೀನು ಯಾರನ್ನೂ ಕರೆಯಬಾರದು, ಅಷ್ಟೇ ನಾನು ಕೇಳುವುದು. ಅವಳಿಗೆ ಹೇಳಬೇಡ. ಬಟ್ಟೆಗೆ ಕತ್ತರಿ ಹಾಕುವಾಗ ನಿನ್ನ ಕೈ ನಡುಗಿದ್ದನ್ನು ನಾನು ನೋಡಿಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಅಣ್ಣ


ಫೆಬ್ರವರಿ 28

ಅತ್ತಿಗೆಗೆ ನಮಸ್ಕಾರಗಳು.

ಈ ಕಾಗದವನ್ನು ಎದುರುಮನೆ ಟೀಚರ್ ವಿಳಾಸಕ್ಕೆ ಹಾಕಿದ್ದೇನೆ, ಅಣ್ಣನ ಕೈಗೆ ಸಿಗದಿರಲಿ ಅಂತ. ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿದೆ. ನೀವು "ಹಲೋ" ಅಂದ ಕೂಡಲೇ ಹವಾಮಾನ ವಿಚಾರಿಸಿ ಇಟ್ಟುಬಿಟ್ಟೆ.

ಅಣ್ಣ ನನ್ನನ್ನು ಕರೆದುಕೊಂಡು ಹೋಗುತ್ತಿರುವುದು ಪ್ರವಾಸಕ್ಕಲ್ಲ. ಡಯಾಲಿಸಿಸ್ ಬಿಟ್ಟುಬಿಡಲು ನಿಶ್ಚಯಿಸಿದ್ದಾನೆ. ಕೊನೆಯ ಊರಿನಲ್ಲಿ, ಸಮುದ್ರ ಕಾಣುವ ಕೋಣೆಯಲ್ಲಿ ಉಳಿದುಬಿಡುತ್ತಾನಂತೆ, ನಾನು ಯಾರನ್ನೂ ಕರೆಯಬಾರದಂತೆ. ನನಗೆ ಮಾತ್ರ ಒಂದು ವಾಪಸ್ ಟಿಕೆಟ್ಟು. ಇದನ್ನು ನಿಮಗೆ ಹೇಳಬಾರದು ಅಂತಲೂ ಬರೆದಿದ್ದಾನೆ.

ನನಗೆ ಸಿಟ್ಟು ಬಂದು ಕಣ್ಣು ಕತ್ತಲಾಯಿತು. ಕೈ ನಡುಗದವಳು ಅಂತ ಹೊಗಳಿ ಇಂಥದ್ದನ್ನು ತಂದು ನನ್ನ ಕೈಗೆ ಹಾಕುತ್ತಾನಲ್ಲ. ನಾನೇನು ಕಟುಕಿಯಾ? ನೀವು ಒಂದು ಮಾತು ಹೇಳಿ ಅತ್ತಿಗೆ. ತಡೆಯಿರಿ. ಕೋಣೆಗೆ ಬೀಗ ಹಾಕಿ ಬೇಕಾದರೆ. ಇಲ್ಲವಾದರೆ ನೀವೂ ಜೊತೆಗೆ ಬನ್ನಿ, ಮಂಡಿ ನೋವಿಗೆ ನಾನು ಹೆಗಲು ಕೊಡುತ್ತೇನೆ.

ನಿಮ್ಮ ನಾದಿನಿ


ಮಾರ್ಚ್ 7

ತಂಗಿಗೆ ಆಶೀರ್ವಾದಗಳು.

ನನ್ನ ಮಂಡಿಗೆ ಏನೂ ಆಗಿಲ್ಲ. ಅದು ಅವರು ಹುಟ್ಟಿಸಿದ ನೋವು.

ನನಗೆ ಗೊತ್ತು. ಹೇಗೆ ಗೊತ್ತು ಅಂದರೆ ಹೇಳಲಾರೆ. ಮೊನ್ನೆ ನನಗೆ ಗ್ಯಾಸಿನ ಸಿಲಿಂಡರು ಬದಲಾಯಿಸುವುದನ್ನು ಕಲಿಸಿದರು. ಆಚೆ ದಿನ ಮೀಟರಿನ ಹತ್ತಿರ ಕರೆದುಕೊಂಡು ಹೋಗಿ ಫ್ಯೂಸು ಹಾಕಿಸಿದರು. "ಇಷ್ಟೂ ಗೊತ್ತಿಲ್ಲ ಅಂದ್ರೆ ಹೇಗೇ?" ಅಂತ ರೇಗಿದರು. ಇಷ್ಟು ವರ್ಷ ಬಲ್ಬು ಮುಟ್ಟಲು ಬಿಡದ ಮನುಷ್ಯ. ನಾನು ಹೂಂ ಹೂಂ ಅಂತ ಕಲಿತೆ.

ತಡೆಯಲು ನನಗೆ ಬರುವುದಿಲ್ಲ ಅಂದುಕೊಂಡೆಯಾ? ಎದುರು ಕೂತು ಅತ್ತರೆ ಸಾಕು. ನಾಳೆಯೇ ಕುರ್ಚಿಗೆ ಹೋಗಿ ಕೂರುತ್ತಾರೆ, ಇನ್ನೂ ಎರಡು ವರ್ಷ ಕೂರುತ್ತಾರೆ, ನನಗೋಸ್ಕರ. ಪ್ರತಿ ಸಲ ಸೂಜಿ ಚುಚ್ಚುವಾಗ ನನ್ನ ಕಡೆ ನೋಡಿ ನಗುತ್ತಾರಲ್ಲ, ಆ ನಗು ನನಗೆ ಬೇಡವಾಗಿದೆ. ನಾನು ಜೊತೆಗೆ ಬಂದರೂ ಅದೇ ಆಗುತ್ತದೆ. ನನ್ನ ಮುಖ ನೋಡಿ ವಾಪಸ್ ಹೊರಟುಬಿಡುತ್ತಾರೆ. ಅದಕ್ಕೇ ನಾನು ಬರುವುದಿಲ್ಲ.

ಅವರು ಕೇಳಿದ್ದನ್ನು ಕೊಟ್ಟುಬಿಡೋಣ. ನನ್ನ ಹತ್ತಿರ ಅವರು ಏನನ್ನೂ ಕೇಳಿದವರೇ ಅಲ್ಲ. ನೀನು ಹೋಗು ತಾಯಿ. ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾಗದಿರಲಿ.

ನಿನ್ನ ಅತ್ತಿಗೆ


ಮಾರ್ಚ್ 13

ಅಣ್ಣ,

ರಜೆ ಸಿಕ್ಕಿದೆ. ಶನಿವಾರ ಸಂಜೆಗೆ ಬರುತ್ತೇನೆ. ದಪ್ಪ ಅಟ್ಟೆಯ ಚಪ್ಪಲಿ ತೆಗೆದುಕೊಂಡೆ, ಬಾತುಕೋಳಿಯ ಹಾಗೆ ಕಾಣುತ್ತೇನೆ. ನೀನು ಕೇಳಿದ್ದಕ್ಕೆ ಹೂಂ ಅಂದಿದ್ದೇನೆ. ಒಪ್ಪಿದ್ದೇನೆ ಅಂತ ಮಾತ್ರ ತಿಳಿಯಬೇಡ.

ಕತ್ತರಿ


ಮಾರ್ಚ್ 24, ದೀಪಸ್ತಂಭದ ಊರು

ನನ್ನವಳಿಗೆ,

ಫೋನು ಮಾಡಿದರೆ ನಿನ್ನ ದನಿ ಕೇಳಿಸುವುದಿಲ್ಲ, ಅದಕ್ಕೆ ಈ ನಾಲ್ಕು ಸಾಲು. ನಾವು ಸುಖವಾಗಿದ್ದೇವೆ.

ಬೆಟ್ಟದ ಗುಡಿಯೊಳಗೆ ಹೋದೆ ಕಣೇ! ಒಳಗೆ ಏನು ಕತ್ತಲೆ! ಇಷ್ಟು ವರ್ಷ ಹೊರಗೆ ಕೂತು, ಒಳಗಿರುವ ದೇವರು ಬಸ್ಸಿನಷ್ಟು ದೊಡ್ಡದಿರಬೇಕು ಅಂದುಕೊಂಡಿದ್ದೆ. ನೋಡಿದರೆ ಮೊಣಕೈ ಉದ್ದ ಇಲ್ಲ. ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ, ಮೂಗು ಸವೆದಿದೆ. ನನಗೆ ಯಾಕೋ ಪಾಪ ಅನ್ನಿಸಿತು. ಅದೂ ನನ್ನ ಹಾಗೆ ಇದ್ದಲ್ಲೇ ಇದ್ದು ಬಂದವರನ್ನೆಲ್ಲ ನೋಡಿಕೊಂಡಿದೆ. ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ. "ಹೇಗಿದ್ದೀಯಪ್ಪ?" ಅಂದೆ. ಹಿಂದಿದ್ದವರು ದಬ್ಬಿದರು.

ಹೊರಗೆ ಬಂದರೆ ನನ್ನ ಚಪ್ಪಲಿ ಇಲ್ಲ! ಊರಿನವರ ಚಪ್ಪಲಿಯನ್ನೆಲ್ಲ ಕಾದವನದು ಮೊದಲ ದಿನವೇ ಕಳುವಾಯಿತು. ಕತ್ತರಿ ನೆಲದ ಮೇಲೆ ಕೂತು ನಕ್ಕಳು, ನಾನೂ ನಕ್ಕೆ, ಹೂವಿನವಳೂ ನಕ್ಕಳು. ಈಗ ಎರಡು ಬೇರೆ ಬೇರೆ ಬಣ್ಣದ ಪಟ್ಟಿಯಿರುವ ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದೇನೆ.

ನಿನ್ನೆ ಸಮುದ್ರಕ್ಕೆ ಕಾಲು ಇಟ್ಟೆ. ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನೀನಿದ್ದಿದ್ದರೆ ನನ್ನ ತೋಳು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಸಿಲಿಂಡರು ಹಾಕಿದ ಮೇಲೆ ಸೋಪಿನ ನೀರು ಹಚ್ಚಿ ನೋಡುವುದನ್ನು ಮರೆಯಬೇಡ. ಬಾಗಿಲು ಭದ್ರ.

ನಿನ್ನವನು


ಏಪ್ರಿಲ್ 22

ತಂಗಿಗೆ,

ಬಂದ ನೆಂಟರೆಲ್ಲ ಹೊರಟುಹೋದರು. ಮನೆಯಲ್ಲಿ ಸದ್ದಿಲ್ಲ. ನೀನಿದ್ದಾಗಲೇ ಕೇಳಬೇಕಾಗಿತ್ತು. ಯಾವಾಗ ನೋಡಿದರೂ ನಮ್ಮಿಬ್ಬರ ನಡುವೆ ಯಾರಾದರೂ ಒಬ್ಬರು ಕೂತು ಅಳುತ್ತಿದ್ದರು. ನೀನು ಕೂಡ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ, ಸುಳ್ಳು ಹೇಳಬೇಡ.

ಅವರ ಜೀವ ಹೋದದ್ದು ಆಂಬುಲೆನ್ಸಿನಲ್ಲಿ ಅಂತ ಕಾಗದಪತ್ರದಲ್ಲಿದೆ. ದೊಡ್ಡ ಊರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಯಾಕೆ? ಯಾರನ್ನೂ ಕರೆಯಬಾರದು ಅಂತ ಅಲ್ಲವಾ ಮಾತಾಗಿದ್ದದ್ದು? ಸಮುದ್ರ ಕಾಣುವ ಕೋಣೆಯಲ್ಲಿ ಇದ್ದಾರೆ, ನೆಮ್ಮದಿಯಾಗಿದ್ದಾರೆ ಅಂದುಕೊಂಡು ನಾನು ಇಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಕೊನೆ ಗಳಿಗೆಯಲ್ಲಿ ನೀನು ಹೆದರಿಬಿಟ್ಟೆಯಾ? ಅವರು ಬೇಡ ಬೇಡ ಅಂದರೂ ಎತ್ತಿ ಹಾಕಿಸಿದೆಯಾ? ಹಾಗಾಗಿದ್ದರೆ ಹೇಳು, ನಾನು ಬೈಯುವುದಿಲ್ಲ. ಯಾರಾದರೂ ಹೆದರುತ್ತಾರೆ.

ನಿಜ ಬರಿ. ಬೆಳಿಗ್ಗೆ ಎದ್ದರೆ ಈಗಲೂ ಕೈ ಬಾಟಲಿಗೆ ನೀರು ತುಂಬಿಸುತ್ತದೆ.

ನಿನ್ನ ಅತ್ತಿಗೆ


ಏಪ್ರಿಲ್ 30

ಅತ್ತಿಗೆ,

ಹೌದು, ನಾನೇ ಹೆದರಿದೆ ಅಂತ ಒಂದು ಸಾಲು ಬರೆದು ಕಳಿಸೋಣ ಅಂತ ಕೂತೆ. ಹಾಗೆ ಬರೆದರೆ ನಿಮಗೂ ಸಮಾಧಾನ, ನನಗೂ ಸುಲಭ. ಬರೆಯಲಾಗಲಿಲ್ಲ. ಹಾಗೆ ಬರೆದರೆ ಅಣ್ಣ ಕೊನೆಗೆ ಆಡಿದ ಮಾತನ್ನು ನಾನೇ ಅಳಿಸಿದ ಹಾಗಾಗುತ್ತದೆ. ಅದು ನಿಮ್ಮದು, ನಿಮಗೆ ತಲುಪಬೇಕು.

ಬುಧವಾರ ಶಿವನ ಗುಡಿ ನೋಡಿದೆವು. ಅಲೆ ಮೆಟ್ಟಿಲಿಗೆ ಬಡಿಯುವುದು ನಿಜ. ಅಣ್ಣ ಕೊನೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿನಲ್ಲಿ ಬಿಟ್ಟುಕೊಂಡಿದ್ದ. ಕಾಲು ಆಗಲೇ ಊದಿತ್ತು. ಕೋಣೆಗೆ ಬಂದು ನೀರು ತರಿಸಿದ. ಒಂದು ಲೋಟ ಕುಡಿದು ಕಣ್ಣು ಮುಚ್ಚಿಕೊಂಡ, ಇನ್ನೊಂದು ಕುಡಿದ, ಮತ್ತೊಂದು ಕುಡಿದ. ಆಗ ಅವನ ಮುಖ ನೀವು ನೋಡಬೇಕಾಗಿತ್ತು. ಸುಳ್ಳಲ್ಲ, ಆಗ ಅವನು ಸುಖವಾಗಿದ್ದ.

ಗುರುವಾರ ಬೆಳಕು ಹರಿದ ಮೇಲೆ ಉಸಿರು ಸಿಕ್ಕಿಹಾಕಿಕೊಳ್ಳತೊಡಗಿತು. ಮಲಗಲು ಆಗುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ಬಾಗಿ ನಿಂತ. ಎದುರಿಗೇ ಸಮುದ್ರ, ಅದನ್ನು ನೋಡುತ್ತಲೇ ಇರಲಿಲ್ಲ. ನಾನು ಮಾತು ಕೊಟ್ಟಿದ್ದೆನಲ್ಲ, ಯಾರನ್ನೂ ಕರೆಯಲಿಲ್ಲ. ಬೆನ್ನು ನೀವುತ್ತಾ ನಿಂತಿದ್ದೆ. ಅತ್ತಿಗೆ, ನನ್ನ ಕೈ ನಡುಗಲಿಲ್ಲ. ಅದನ್ನು ನೆನೆದರೆ ಈಗ ಈ ಕೈಯನ್ನೇ ಕತ್ತರಿಸಿಕೊಳ್ಳೋಣ ಅನ್ನಿಸುತ್ತದೆ.

ಬಿಸಿಲು ಏರಿದ ಮೇಲೆ ಅವನು ತಿರುಗಿ ನನ್ನ ರಟ್ಟೆ ಹಿಡಿದ. "ಕತ್ತರಿ, ನಂಗೆ ಬೇಡ ಇದು. ಆಗ್ತಿಲ್ಲ. ಮನೆಗೆ ಹೋಗೋಣ" ಅಂದ. "ಅವಳತ್ರ ಹೋಗೋಣ. ಕುರ್ಚಿ ಆದ್ರೂ ಪರವಾಗಿಲ್ಲ. ಇಲ್ಲಿ ಎಲ್ಲೂ ಮಿಷನ್ ಇಲ್ವಾ? ನೋಡೇ, ಎಲ್ಲೋ ಒಂದು ಇರುತ್ತೆ."

ನನ್ನನ್ನು ಕೇಳಿದ ಅತ್ತಿಗೆ. ಇಲ್ಲ ಅಂತ ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. "ಇಲ್ಲ ಅಣ್ಣ" ಅಂದೆ. ಅವನು ಮಗುವಿನ ಹಾಗೆ ನನ್ನ ಮುಖವನ್ನೇ ನೋಡಿದ.

ಆಮೇಲೆ ಓಡಿದೆ. ಆ ಊರಿನ ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು, ಯಂತ್ರವಿರುವುದು ದೊಡ್ಡ ಊರಿನಲ್ಲಿ, ಬೇಗ ಹೋಗಿ ಅಂದರು. ಸುತ್ತಲೂ ನಾನು ಕತ್ತರಿಸಿದ ನೀಲಿ ಪರದೆಗಳು. ಆಂಬುಲೆನ್ಸನ್ನು ಅಂಗಳದ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಅದನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಷ್ಟು ಹೊತ್ತು ಅಣ್ಣ ಒಳಗೆ ಮಲಗಿಕೊಂಡೇ ಬೈಯುತ್ತಿದ್ದ. "ಮೂತಿ ಒಳಗೆ ಮಾಡಿ ನಿಲ್ಸಿದಾನೆ, ದಡ್ಡ." ಆ ಉಬ್ಬಸದಲ್ಲೂ ಅಷ್ಟನ್ನು ಪೂರ್ತಿ ಹೇಳಿದ.

ಚಾಲಕ ಆ ಕಡೆಗೆ ಹೊಸಬ. "ದಾರಿ ಗೊತ್ತಾ ಅಮ್ಮ?" ಅಂತ ನನ್ನನ್ನೇ ಕೇಳಿದ. ನನಗೆ ಗೊತ್ತಿದ್ದದ್ದು ಅಣ್ಣ ಬರೆದುಕೊಟ್ಟ ವಾಪಸ್ ದಾರಿ ಒಂದೇ. ಆ ಕಾಗದ ಚೀಲದಲ್ಲಿತ್ತು, ತೆಗೆದು ಓದಿ ಹೇಳಿದೆ. ದಂಡೆಯ ಮೇಲೆ ಹೊರಟೆವು. ಅಣ್ಣ ಎಡಗಡೆ ಕಿಟಕಿಯಲ್ಲಿ ಸಮುದ್ರ ಕಂಡದ್ದೇ ಮುಖದ ಮೇಲಿದ್ದ ಮಾಸ್ಕನ್ನು ಕಿತ್ತುಹಾಕಿ ಎದ್ದು ಕೂರಲು ನೋಡಿದ. "ಈ ದಾರಿ ಯಾರು ಹೇಳಿದ್ದು? ಇದು ಸುತ್ತು. ಹಿಂದಕ್ಕೆ ತಿರುಗ್ಸು. ಉಪ್ಪಿನ ಗೋದಾಮಿನ ಹಿಂದೆ ಒಳದಾರಿ ಇದೆ, ಅರ್ಧ ಉಳಿಯುತ್ತೆ. ಬೇಗ, ಬೇಗ." ಗೋದಾಮು ದಾಟಿದ ಮೇಲೆ ಎಡಕ್ಕೆ, ಮುರಿದ ಕಮಾನಿನ ಹತ್ತಿರ ಬಲಕ್ಕೆ, ಆ ಗುಂಡಿಯಲ್ಲಿ ನಿಧಾನ. ಒಂದೊಂದನ್ನೂ ಹೇಳಿದ. ಒಂದೂ ತಪ್ಪಾಗಲಿಲ್ಲ, ದಾರಿ ಅವನು ಹೇಳಿದ ಹಾಗೇ ಇತ್ತು. ಗುಂಡಿ ದಾಟಿದ ಮೇಲೆ ಹೇಳುವುದನ್ನು ನಿಲ್ಲಿಸಿದ. ನೆಟ್ಟನೆ ದಾರಿ ಇರಬೇಕು, ಅದಕ್ಕೆ ಸುಮ್ಮನಾದ ಅಂದುಕೊಂಡೆ.

ನೀವು ಕಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸರಿ ಅಂತ ಹೇಳಲೂ ನನಗೆ ಬರುವುದಿಲ್ಲ. ನಾವಿಬ್ಬರೂ ಅವನು ಕೇಳಿದ್ದನ್ನು ಕೊಟ್ಟೆವು, ಆಮೇಲೆ ಅವನು ಬೇರೆ ಕೇಳಿದ.

ನಾನು ಕಿಟಕಿಯಿಂದ ನೀರು ನೋಡಿಕೊಂಡು ಬರಲಿ ಅಂತ ಅಣ್ಣ ನನಗೆ ಬರೆದುಕೊಟ್ಟದ್ದು ಸುತ್ತು ದಾರಿ. ನಿಮ್ಮ ಹತ್ತಿರ ಬರಲು ಅವನು ಹೇಳಿದ್ದು ಹತ್ತಿರದ ದಾರಿ.

ನಿಮ್ಮ ನಾದಿನಿ